ಯಾವ ಹೊಳ್ಳೆ?

ಮಂಡ್ಯದ ನಮ್ಮ ಕ್ಲಿನಿಕ್ಕಿಗೆ ಮೂಗು ನೋವು ಅಂತ ಮಗುವನ್ನು ಎತ್ತಿಕೊಂಡು ಬಂದವರನ್ನು ನಾನು ಮೊದಲು ಕೇಳುವುದು ಇದೊಂದೇ: ಯಾವ ಹೊಳ್ಳೆ? ತಾಯಂದಿರು ತಬ್ಬಿಬ್ಬಾಗುತ್ತಾರೆ. "ಮೂಗೇ ಸಾ, ಶೀತ ಆಗೈತೆ" ಅನ್ನುತ್ತಾರೆ.

ಶೀತಕ್ಕೆ ಸಾಮಾನ್ಯವಾಗಿ ಎರಡೂ ಹೊಳ್ಳೆ ಸೋರುತ್ತವೆ. ವಾರ, ಹತ್ತು ದಿನಕ್ಕೆ ಹತೋಟಿಗೆ ಬರುತ್ತದೆ. ಒಂದೇ ಹೊಳ್ಳೆಯಿಂದ ಗೊಣ್ಣೆ, ಅದೂ ಮುದ್ದಿಸಲು ಹೋದರೆ ಮುಖ ತಿರುಗಿಸುವಷ್ಟು ನಾತ, ಆಗಾಗ ರಕ್ತದ ಎಳೆ: ಎರಡರಿಂದ ಐದು ವರ್ಷದ ಮಗುವಿನಲ್ಲಿ ಇವು ಕಂಡರೆ ಒಳಗೆ ಏನೋ ಸಿಕ್ಕಿಕೊಂಡಿದೆ ಅಂತಲೇ ಹಿಡಿದು ನೋಡಬೇಕು. ಪ್ರತಿ ಸಲ ಹಾಗೇ ಇರುತ್ತದೆ ಎನ್ನಲಾರೆ. ಬೆರಳು ಹಾಕಿ ಕೆರೆದು ಹೊಳ್ಳೆಯ ಬಾಯಲ್ಲೇ ಹುಣ್ಣಾದರೂ ಒಂದು ಕಡೆ ನೋಯುತ್ತದೆ. ಆದರೆ ಹುಣ್ಣು ಕಣ್ಣಿಗೆ ಕಾಣುತ್ತದೆ. ಬಿದ್ದು ಪೆಟ್ಟಾದ ಮೇಲೆ ಮೂಗು ಕಟ್ಟಿ ನೋವು ಏರುತ್ತಿದ್ದರೆ ಅದು ಬೇರೆ ಮಾತು. ಎರಡು ಹೊಳ್ಳೆಗಳ ನಡುಗೋಡೆಯಲ್ಲಿ ರಕ್ತ ಕಟ್ಟಿರಬಹುದು, ಅಂದೇ ತೋರಿಸಿ.

ಪಾಂಡವಪುರದ ಕಡೆಯ ಮೂರು ವರ್ಷದ ಹುಡುಗಿಯೊಬ್ಬಳು ಐದು ವಾರ ಬಲ ಹೊಳ್ಳೆ ಸೋರಿಸಿಕೊಂಡು ಬಂದಳು. ಎರಡು ಸಲ ಆಂಟಿಬಯಾಟಿಕ್ ಕುಡಿಸಿದ್ದರು. ಕುಡಿಸಿದಾಗ ಕಡಿಮೆ, ನಿಲ್ಲಿಸಿದರೆ ಮತ್ತೆ ಅದೇ. ಸೈನಸ್ ಅಂತ ಯಾರೋ ಹೇಳಿದ್ದರಂತೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಟ್ಟರು, ಆಮೇಲೆ ಹೇರ್‌ಪಿನ್ ಹಾಕಿ ಕೆದಕಿದರು. ನನಗೆ ಸಿಟ್ಟು ಬರುವುದು ಇಲ್ಲೇ. ದುಂಡಗಿನ ವಸ್ತುವಿಗೆ ಪಿನ್ನು ತಗುಲಿದರೆ ಅದು ಹಿಂದಕ್ಕೆ ಜಾರುತ್ತದೆ. ಹಿಂದೆ ಗಂಟಲು, ಅಲ್ಲಿಂದ ಶ್ವಾಸನಾಳ. ಕೈಗೆ ಸಿಗದಿದ್ದರೆ ಮುಟ್ಟಬೇಡಿ. ಮಾತು ತಿಳಿಯುವ ಮಗುವಾದರೆ ಇನ್ನೊಂದು ಹೊಳ್ಳೆ ಒತ್ತಿ ಹಿಡಿದು ಮೂಗಿನಿಂದ ಒಮ್ಮೆ ಜೋರಾಗಿ ಗಾಳಿ ಹೊರಕ್ಕೆ ಊದಿಸಿ, ಬರದಿದ್ದರೆ ಆಸ್ಪತ್ರೆಗೆ ಹೊರಡಿ.

ಕಾಳು, ಮಣಿ, ಸ್ಪಂಜಿನ ಚೂರಾದರೆ ಬೆಳಗಾಗುವವರೆಗೆ ಕಾಯಬಹುದೇನೋ. ಬಟನ್ ಬ್ಯಾಟರಿಗೆ ಮಾತ್ರ ಕಾಯುವ ಹಾಗಿಲ್ಲ. ಜಾತ್ರೆಯಲ್ಲಿ ಕೊಂಡ ಮಿನುಗುವ ಆಟಿಕೆ, ಸಣ್ಣ ರಿಮೋಟು, ಕೈಗಡಿಯಾರ, ಎಲ್ಲದರಲ್ಲೂ ಅದಿದೆ. ಮೂಗಿನ ಒದ್ದೆ ಪೊರೆಗೆ ತಾಕಿದೊಡನೆ ವಿದ್ಯುತ್ ಹರಿದು ಋಣಧ್ರುವದ ಬದಿಯಲ್ಲಿ ಕ್ಷಾರ ಹುಟ್ಟುತ್ತದೆ, ಸುಣ್ಣ ಬಾಯಿ ಸುಟ್ಟಂತೆ ಸುಡುತ್ತದೆ. ಕೆಲವೇ ಗಂಟೆಯಲ್ಲಿ ಆಳಕ್ಕೆ ಇಳಿಯುತ್ತದೆ. ಮುಂದೆ ನಡುಗೋಡೆ ತೂತಾಗಬಹುದು. ಉಪ್ಪುನೀರಿನ ಡ್ರಾಪ್ಸ್ ಹಾಕಿದರೆ ಸುಡುವುದು ಹೆಚ್ಚುತ್ತದೆ. ಕಪ್ಪು ನೀರು ಸೋರಿದರೆ, ಆಟಿಕೆಯ ಬ್ಯಾಟರಿ ಕಾಣೆಯಾಗಿದ್ದರೆ, ನಡುರಾತ್ರಿಯಾದರೂ ಹೊರಡಿ. ಎಕ್ಸ್‌ರೇಯಲ್ಲಿ ಅಂಚಿಗೆ ಜೋಡಿ ಉಂಗುರ ಕಾಣುತ್ತದೆ; ನಾಣ್ಯಕ್ಕೆ ಅದು ಇರುವುದಿಲ್ಲ.

ಆ ಹುಡುಗಿಯ ಮೂಗಿನಲ್ಲಿದ್ದದ್ದು ಅಲಸಂದೆ ಕಾಳು, ನೀರು ಕುಡಿದು ಎರಡರಷ್ಟು ಉಬ್ಬಿತ್ತು. ಅಜ್ಜಿ ಮೊರದಲ್ಲಿ ಕೇರುವಾಗ ಪಕ್ಕದಲ್ಲೇ ಕೂತಿದ್ದಳಂತೆ. "ನಾನೇ ನೋಡ್ನಿಲ್ವಲ್ಲಪ್ಪ" ಅಂತ ಆ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ ಇದು ಅಂದೆ. ಏಟು ಕೊಡಬೇಡಿ, ಹೆದರಿದ ಮಗು ಮುಂದಿನ ಸಲ ಹೇಳುವುದೇ ಇಲ್ಲ.

ಒಂದು ಸಿಕ್ಕ ಮೇಲೆ ಇನ್ನೊಂದು ಹೊಳ್ಳೆಯನ್ನೂ ಕಿವಿಗಳನ್ನೂ ನೋಡುವುದು ನಮ್ಮ ಪದ್ಧತಿ. ಅವಳ ಎಡಗಿವಿಯಲ್ಲಿ ಇನ್ನೊಂದು ಅಲಸಂದೆ ಇತ್ತು.