ಇಷ್ಟು ವರ್ಷ ಆಗದ ಅಲರ್ಜಿ ಈಗ ಹೇಗೆ ಬಂತು?

ಓದುಗರ ಪ್ರಶ್ನೆ: ಮೇಡಂ, ಐದಾರು ವರ್ಷದಿಂದ ಒಂದೇ ಪಾರ್ಲರ್‌ನಲ್ಲಿ ಕೈ ಕಾಲಿಗೆ ವ್ಯಾಕ್ಸ್ ಮಾಡಿಸುತ್ತಿದ್ದೇನೆ. ಯಾವತ್ತೂ ಏನೂ ಆಗಿರಲಿಲ್ಲ. ಈ ಸಲ ಎರಡು ದಿನ ಕಳೆದ ಮೇಲೆ ಕೈ ಕೆಂಪಗಾಗಿ, ಸಣ್ಣ ನೀರುಗುಳ್ಳೆ ಎದ್ದು, ವಿಪರೀತ ತುರಿಕೆ. ಅದೇ ಪಾರ್ಲರ್, ಅದೇ ವ್ಯಾಕ್ಸ್. ಹಾಗಾದ್ರೆ ಅಲರ್ಜಿ ಅಂತೂ ಅಲ್ಲ. ವ್ಯಾಕ್ಸ್ ಡೂಪ್ಲಿಕೇಟ್ ಇರಬಹುದಾ?

ಈ ಪ್ರಶ್ನೆಗೆ ನಾನು ಉತ್ತರ ಹೇಳುತ್ತಲೇ ಇದ್ದೇನೆ. ಪಾರ್ಲರ್‌ನಲ್ಲಿ, ಫೋನಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ. ಆಷಾಢ ಮುಗಿದು ಶ್ರಾವಣ ಬಂತು ಅಂದರೆ ಮೈಸೂರು, ಮಂಡ್ಯ ಎರಡೂ ಕಡೆಯಿಂದ ಶುರು. ಕೇಳಿದ್ದಕ್ಕೆ ಬೇಸರ ಇಲ್ಲ, ಕೇಳಬೇಕು. ಆದರೆ ನಡುವೆ ಒಂದು ಮಾತು ಬರುತ್ತದೆ ನೋಡಿ, 'ಇಷ್ಟು ವರ್ಷ ಆಗಿಲ್ಲ, ಹಾಗಾದ್ರೆ ಅಲರ್ಜಿ ಅಲ್ಲ' ಅಂತ. ಅದು ಮಾತ್ರ ಎಷ್ಟು ಹೇಳಿದರೂ ಯಾರ ತಲೆಯಿಂದಲೂ ಹೋಗುತ್ತಿಲ್ಲ. ಇವತ್ತು ಅದನ್ನೇ ಹಿಡಿದು ಕೂರುತ್ತೇನೆ.

ಮೊದಲು ಸಾಮಾನ್ಯವಾದದ್ದನ್ನು ಬದಿಗಿಡೋಣ. ವ್ಯಾಕ್ಸ್ ಎಳೆದ ತಕ್ಷಣ ಪ್ರತಿ ಕೂದಲಿನ ಬುಡದಲ್ಲೂ ಕೆಂಪು ಚುಕ್ಕೆ ಏಳುತ್ತದೆ, ಸ್ವಲ್ಪ ಉರಿಯುತ್ತದೆ. ಕೂದಲನ್ನು ಬೇರು ಸಮೇತ ಕಿತ್ತಿದ್ದೇವೆ, ಚರ್ಮ ಸುಮ್ಮನಿರುತ್ತಾ? ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಇದಕ್ಕೆ ಹೆದರಬೇಡಿ. ಇನ್ನೊಂದು, ಎರಡು ಮೂರು ದಿನ ಬಿಟ್ಟು ಕೂದಲಿನ ಬುಡದಲ್ಲಿ ಕೀವು ತುಂಬಿದ ಮೊಡವೆಯಂಥ ಗುಳ್ಳೆ ಬರುವುದು. ಅದು ಸೋಂಕು. ಕಿತ್ತ ಜಾಗದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಿರುತ್ತದೆ. ಬಿಗಿ ಲೆಗ್ಗಿಂಗ್ಸ್, ಬೆವರು, ಕೊಳೆ ಕೈ, ಒಂದೇ ಕಡ್ಡಿಯನ್ನು ಮತ್ತೆ ಮತ್ತೆ ಡಬ್ಬಿಗೆ ಅದ್ದುವ ಅಭ್ಯಾಸ, ಎಲ್ಲವೂ ಕಾರಣ ಆಗಬಹುದು.

ನೀವು ಬರೆದಿರುವುದು ಇವೆರಡೂ ಅಲ್ಲ. ಎರಡು ದಿನ ತಡ, ನೀರುಗುಳ್ಳೆ, ನೋವಿಗಿಂತ ತುರಿಕೆ ಜಾಸ್ತಿ. ನೋಡದೆ ಖಚಿತ ಹೇಳುವುದು ಡಾಕ್ಟರ್ ಕೆಲಸವೂ ಅಲ್ಲ, ನನ್ನದಂತೂ ಅಲ್ಲ. ಆದರೆ ಈ ಲಕ್ಷಣ ಕೇಳಿದ ಯಾರಿಗಾದರೂ ಮೊದಲು ಬರುವ ಅನುಮಾನ ಸಂಪರ್ಕದ ಅಲರ್ಜಿ. ಅಂದರೆ ಚರ್ಮಕ್ಕೆ ತಾಗಿದ ವಸ್ತುವಿನಿಂದ ಆಗುವ ಅಲರ್ಜಿ.

ಈಗ ಆ ಹಟಮಾರಿ ಮಾತಿಗೆ ಬರೋಣ. ಅಲರ್ಜಿ ಇದ್ದರೆ ಮೊದಲ ಸಲವೇ ಗೊತ್ತಾಗಬೇಕಿತ್ತು ಅನ್ನುತ್ತೀರಿ. ನಿಜ ಪೂರ್ತಿ ಉಲ್ಟಾ. ಈ ಬಗೆಯ ಅಲರ್ಜಿ ಮೊದಲ ಸಲ ತಾಗಿದಾಗಲೇ ಹೊರಗೆ ಕಾಣಿಸುವುದು ತೀರಾ ಅಪರೂಪ. ಯಾಕೆಂದರೆ ದೇಹ ಮೊದಲು ಆ ವಸ್ತುವನ್ನು ಗುರುತು ಹಿಡಿಯುವುದನ್ನು ಕಲಿಯಬೇಕು. ಚರ್ಮದಲ್ಲಿರುವ ಕಾವಲು ಕಣಗಳು ಆ ವಸ್ತುವಿನ ಸುಳಿವನ್ನು ಒಳಗಿನ ಗ್ರಂಥಿಗಳಿಗೆ ಮುಟ್ಟಿಸುತ್ತವೆ. ಅಲ್ಲಿ ಅದನ್ನು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳು ತಯಾರಾಗುತ್ತವೆ. ಇದಕ್ಕೇ ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಅದೇ ವಸ್ತು ಮತ್ತೆ ತಾಗಿದಾಗ, ಒಂದರಿಂದ ಮೂರು ದಿನದೊಳಗೆ, ತುರಿಕೆ, ಗುಳ್ಳೆ.

ಆ ಕಲಿಕೆ ಎರಡನೇ ವ್ಯಾಕ್ಸಿಂಗ್‌ಗೇ ಆಗಬೇಕು ಅಂತ ಇಲ್ಲ. ವರ್ಷಗಟ್ಟಲೆ ತಾಗುತ್ತಾ ಹೋದ ಮೇಲೂ ಆಗಬಹುದು. ಹಾಗಾಗಿ 'ಐದಾರು ವರ್ಷದಿಂದ ಮಾಡಿಸ್ತಿದ್ದೇನೆ' ಅನ್ನುವುದು ಅಲರ್ಜಿ ಇಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲವೇ ಅಲ್ಲ. ಅಲರ್ಜಿ ಹುಟ್ಟಲು ಅಷ್ಟು ವರ್ಷ ಅವಕಾಶ ಸಿಕ್ಕಿತ್ತು ಅಂತ ಅರ್ಥ.

ನಂಬಿಕೆ ಬರಲಿಲ್ಲವಾ? ಮಂಡ್ಯ ಕಡೆ ಯಾವ ಹಳ್ಳಿಗಾದರೂ ಹೋಗಿ ಪಾರ್ಥೇನಿಯಂ ಬಗ್ಗೆ ಕೇಳಿ. ಅದೇ, ನಾವು ಕಾಂಗ್ರೆಸ್ ಗಿಡ ಅನ್ನುವುದು. ಅದೇ ಬದುವಿನಲ್ಲಿ ವರ್ಷಾನುಗಟ್ಟಲೆ ಓಡಾಡಿದ ರೈತರಿಗೆ, ಬರಿಗೈಯಲ್ಲಿ ಆ ಗಿಡ ಕಿತ್ತವರಿಗೆ, ನಡುವಯಸ್ಸು ದಾಟಿದ ಮೇಲೆ ಮುಖ, ಕತ್ತು, ಕೈ ಎಲ್ಲಾ ದಪ್ಪಗಾಗಿ ತುರಿಸಲು ಶುರುವಾಗುತ್ತದೆ. ಗಿಡ ಡೂಪ್ಲಿಕೇಟಾ? ಗಾರೆ ಕೆಲಸದವರನ್ನು ಕೇಳಿ. ಎಷ್ಟೋ ವರ್ಷ ಸಿಮೆಂಟ್ ಕಲಸಿದ ಕೈ ಒಂದು ದಿನ ಬಿರಿಯುತ್ತದೆ, ಅದರಲ್ಲಿರುವ ಕ್ರೋಮಿಯಂಗೆ ಅಲರ್ಜಿ. ಅಷ್ಟು ದೂರ ಯಾಕೆ, ನಿಮ್ಮ ಮನೆಯಲ್ಲೇ ಸ್ಟಿಕ್ಕರ್ ಬಿಂದಿಯ ಅಂಟಿಗೆ ಹಣೆ ತುರಿಸಿ ಕುಂಕುಮಕ್ಕೆ ವಾಪಸ್ ಬಂದ ಅತ್ತೆಯೋ ಚಿಕ್ಕಮ್ಮನೋ ಇಲ್ಲವಾ? ಅವರೂ ಮದುವೆಯಾದಾಗಿನಿಂದ ಅದೇ ಬಿಂದಿ ಇಡುತ್ತಿದ್ದವರು ತಾನೇ?

ಇದೇ ಮಾತಿನ ತಂಗಿಯೊಬ್ಬಳಿದ್ದಾಳೆ, ನಂಜು. 'ವ್ಯಾಕ್ಸ್ ಮಾಡಿಸಿದ್ದು ಭಾನುವಾರ, ಗುಳ್ಳೆ ಬಂದಿದ್ದು ಮಂಗಳವಾರ, ಸೋಮವಾರ ಬದನೆಕಾಯಿ ತಿಂದಿದ್ದೆ' ಅನ್ನುತ್ತಾರೆ. ಬದನೆಕಾಯಿಯನ್ನು ಬಿಟ್ಟುಬಿಡಿ ಪಾಪ. ತಿಂದಿದ್ದರಿಂದ ಆದ ಅಲರ್ಜಿ ವ್ಯಾಕ್ಸ್ ಹಚ್ಚಿದ ಜಾಗವನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಮೊಣಕೈವರೆಗೆ ವ್ಯಾಕ್ಸ್ ಆಗಿ, ಗುಳ್ಳೆಯೂ ಮೊಣಕೈಗೇ ನಿಂತಿದ್ದರೆ ಕಾರಣ ಹೊರಗಿನಿಂದ ತಾಗಿದ್ದು. ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆ ಮೊದಲು ಹೇಳಿಕೊಡುವುದೇ ಇದನ್ನು. ಗುಳ್ಳೆ ನೋಡುವ ಮೊದಲು ಅದರ ಗಡಿ ನೋಡಿ. ಈಗ ಅವರು ನನಗಿಂತ ಮುಂಚೆ ನೋಡಿ ಹೇಳುತ್ತಾರೆ, ನನಗೆ ಅದೇ ಖುಷಿ.

ಹಾಗಾದರೆ ತಾಗಿದ್ದು ಏನು? ಡಬ್ಬಿಯಲ್ಲಿ ಬರುವ ಬಹಳಷ್ಟು ವ್ಯಾಕ್ಸ್‌ಗಳಲ್ಲಿ ಅಂಟು ಬರಲಿ ಅಂತ ರೋಸಿನ್ ಹಾಕಿರುತ್ತಾರೆ. ಪೈನ್ ಮರದ ರಾಳ ಅದು. ಪಿಟೀಲಿನ ಕಮಾನಿಗೆ ಉಜ್ಜುವುದೂ ಅದನ್ನೇ, ಚೌಡಯ್ಯನವರ ಊರಿನವರಿಗೆ ಇದು ಗೊತ್ತಿರುತ್ತದೆ. ಕೆಲವು ಗಾಯದ ಪಟ್ಟಿಗಳ ಅಂಟಿನಲ್ಲೂ ಇದೆ. ಚರ್ಮದ ಅಲರ್ಜಿ ತರುವ ವಸ್ತುಗಳಲ್ಲಿ ಇದು ಬಹಳ ಹಳೆಯ ಹೆಸರು. ಡಬ್ಬಿಯ ಮೇಲೆ ರೋಸಿನ್, ಕೊಲೊಫೋನಿ ಅಥವಾ ಗ್ಲಿಸರಿಲ್ ರೋಸಿನೇಟ್ ಅಂತ ಬರೆದಿರಬಹುದು. ಜೇನಿನ ಚಿತ್ರ ಹಾಕಿದ ಡಬ್ಬಿಯಲ್ಲೂ ಇರಬಹುದು, ಅದಕ್ಕೆ ಚಿತ್ರ ಬಿಟ್ಟು ಹಿಂದೆ ಇರುವ ಸಣ್ಣ ಅಕ್ಷರ ಓದಿ. ವ್ಯಾಕ್ಸ್ ಒಂದೇ ಅಲ್ಲ. ಮೊದಲು ಹಚ್ಚುವ ಜೆಲ್, ಪೌಡರ್, ಕೊನೆಗೆ ಹಚ್ಚುವ ಎಣ್ಣೆಯ ಸುವಾಸನೆ, ಟೀ ಟ್ರೀ ಎಣ್ಣೆ, ಇವೂ ಅಲರ್ಜಿ ತರುತ್ತವೆ. ವ್ಯಾಕ್ಸ್ ಎಳೆದಾಗ ಚರ್ಮದ ಮೇಲ್ಪದರವೂ ಸ್ವಲ್ಪ ಹೋಗಿರುತ್ತದೆ, ಆಗ ಹಚ್ಚಿದ್ದು ಇನ್ನೂ ಸುಲಭವಾಗಿ ಒಳಗೆ ಇಳಿಯುತ್ತದೆ. ನಿಂಬೆರಸ ಹಾಕಿ ಕಾಯಿಸಿದ ಸಕ್ಕರೆ ಪಾಕದ ವ್ಯಾಕ್ಸ್‌ನಲ್ಲಿ ರೋಸಿನ್ ಇಲ್ಲ, ರೋಸಿನ್ ಆಗದವರಿಗೆ ಅದು ಒಂದು ದಾರಿ. ಆದರೆ ಬಿಸಿ ಜಾಸ್ತಿಯಾದರೆ ಅದೂ ಸುಡುತ್ತದೆ.

ಈಗ ನೀವು ಮಾಡಬೇಕಾದ್ದು. ಜಾಗ ಆರುವವರೆಗೆ ವ್ಯಾಕ್ಸ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ. ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ. ಕೆರೆಯಬೇಡಿ, ನಮ್ಮ ಬಣ್ಣದ ಚರ್ಮದಲ್ಲಿ ಕೆರೆದ ಕಲೆ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ನಿಂಬೆಹಣ್ಣು ಉಜ್ಜಲೇಬೇಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೇರೆಯದೇ ಸುಟ್ಟ ಗುಳ್ಳೆ ಬರುತ್ತದೆ. ಆಮೇಲೆ ಚರ್ಮದ ಡಾಕ್ಟರಿಗೆ ತೋರಿಸಿ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡೂ ಸರ್ಕಾರಿ ಆಸ್ಪತ್ರೆಗಳೇ. ಯಾವ ವಸ್ತು ಅಂತ ಕಂಡುಹಿಡಿಯಲು ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಗೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಪಾರ್ಲರ್‌ನಲ್ಲಿ 'ಟೆಸ್ಟ್ ಮಾಡಿದ್ವಿ, ಹತ್ತು ನಿಮಿಷದಲ್ಲಿ ಏನೂ ಆಗ್ಲಿಲ್ಲ' ಅಂದರೆ ಅದು ಇದಲ್ಲ. ಎರಡು ದಿನ ಕಳೆದು ಬರುವುದು ಹತ್ತು ನಿಮಿಷಕ್ಕೆ ಹೇಗೆ ಕಾಣಬೇಕು?

ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ, ಅದಕ್ಕೇ ನಾನೇ ಹೇಳುತ್ತೇನೆ. ಅಪ್ಪರ್ ಲಿಪ್ ಅಥವಾ ಮುಖಕ್ಕೆ ವ್ಯಾಕ್ಸ್ ಮಾಡಿದಾಗ ಚರ್ಮವೇ ಸಿಪ್ಪೆಯಾಗಿ ಎದ್ದು ಬಂದರೆ, ಅದು ಅಲರ್ಜಿ ಅಲ್ಲ. ಬಹಳ ಸಲ ಅದರ ಹಿಂದೆ ಒಂದು ಟ್ಯೂಬ್ ಇರುತ್ತದೆ. ಮೊಡವೆಗೆ ಹಚ್ಚುವ ಅಡಾಪಲೀನ್, ಟ್ರೆಟಿನೋಯಿನ್ ಚರ್ಮದ ಮೇಲ್ಪದರವನ್ನು ನಾಜೂಕು ಮಾಡುತ್ತವೆ. ಮೊಡವೆಗೆ ನುಂಗುವ ಐಸೊಟ್ರೆಟಿನೋಯಿನ್ ಮಾತ್ರೆ ಇನ್ನೂ ಜೋರು. ಅದನ್ನು ತೆಗೆದುಕೊಳ್ಳುವಾಗಲೂ, ನಿಲ್ಲಿಸಿದ ಮೇಲೆ ಕನಿಷ್ಠ 6 ತಿಂಗಳೂ ವ್ಯಾಕ್ಸ್ ಬೇಡ ಅಂತ ಔಷಧಿಯ ಸೂಚನೆಯಲ್ಲೇ ಇದೆ. ಎಲ್ಲಕ್ಕಿಂತ ನನಗೆ ಸಂಕಟ ತರುವುದು ಬೆಳ್ಳಗಾಗಲಿ ಅಂತ ಹಚ್ಚುವ ಸ್ಟೀರಾಯ್ಡ್ ಬೆರೆತ ಕ್ರೀಮ್. 2018ರಲ್ಲೇ ಇಂಥ ಕ್ರೀಮ್‌ಗಳಿಗೆ ಡಾಕ್ಟರ್ ಚೀಟಿ ಕಡ್ಡಾಯ ಮಾಡಿದ್ದಾರೆ. ಆದರೂ ಪಕ್ಕದ ಮನೆಯವರು ಹೇಳಿದರು ಅಂತ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಚರ್ಮ ತೆಳ್ಳಗಾಗುತ್ತದೆ, ವ್ಯಾಕ್ಸ್ ಪಟ್ಟಿ ಅದನ್ನು ಕಿತ್ತುಕೊಂಡೇ ಬರುತ್ತದೆ. ಇದನ್ನು ಓದಿ ಹೆದರಿ ಒಂದೇ ಸಲ ನಿಲ್ಲಿಸಲೂ ಬೇಡಿ, ಮುಖ ಇನ್ನಷ್ಟು ಕೆರಳುತ್ತದೆ. ಹೇಗೆ ಬಿಡಬೇಕು ಅಂತ ಡಾಕ್ಟರ್ ಹೇಳುತ್ತಾರೆ.

ಪಾರ್ಲರ್‌ನಲ್ಲಿ 'ಮುಖಕ್ಕೆ ಏನು ಹಚ್ಚುತ್ತೀರಿ' ಅಂತ ಕೇಳಿದರೆ ಬಹಳ ಜನ 'ಏನೂ ಇಲ್ಲ, ಬರೀ ಕ್ರೀಮ್' ಅನ್ನುತ್ತಾರೆ. ಆ ಬರೀ ಕ್ರೀಮ್‌ನ ಹೆಸರೇ ನಮಗೆ ಬೇಕಾಗಿರುವುದು. ಹೇಳಲು ಮುಜುಗರ ಆದರೆ ಟ್ಯೂಬಿನ ಫೋಟೋ ತೆಗೆದುಕೊಂಡು ಬಂದು ತೋರಿಸಿ. ಅಂಥದ್ದು ಕಂಡರೆ ನಾವು ಅವತ್ತು ವ್ಯಾಕ್ಸ್ ಇರಲಿ, ದಾರದಲ್ಲೂ ಕೂದಲು ತೆಗೆಯುವುದಿಲ್ಲ, ಡಾಕ್ಟರ್ ಹತ್ತಿರ ಹೋಗಿ ಬನ್ನಿ ಅನ್ನುತ್ತೇವೆ.