ಬಿಲ್ಡ್ ಫೇಲ್ ಆಯ್ತಾ, ಇಲ್ಲಾ ಯಾರಾದ್ರೂ ಕೊಂದರಾ?

ಸಿಐ ಜಾಬ್ (ಕೋಡನ್ನು ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ಕೆಲಸ) ಕೆಂಪಾಗಿದೆ, ಅಂದರೆ ಫೇಲ್ ಆಗಿದೆ, ಆದರೆ ಲಾಗ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಇಲ್ಲ, ಟೆಸ್ಟ್ ಫೇಲೂ ಇಲ್ಲ. ಕಂಪೈಲ್ ಆಗ್ತಾ ಆಗ್ತಾ ಥಟ್ಟನೆ ನಿಂತಿದೆ. ಇಂಥ ಕಡೆ ಕೋಡ್ ಹುಡುಕುತ್ತಾ ಕೂರಬೇಡಿ, ಮೊದಲು ಪ್ರೊಸೆಸ್ (ಓಡುತ್ತಿದ್ದ ಪ್ರೋಗ್ರಾಂ) ಹೇಗೆ ಸತ್ತಿತು ಅಂತ ನೋಡಿ.

ಲಿನಕ್ಸ್‌ನಲ್ಲಿ ಪ್ರೊಸೆಸ್ ಮುಗಿಯುವುದು ಎರಡು ರೀತಿ: ತಾನಾಗಿ ಎಕ್ಸಿಟ್ ಆಗುವುದು, ಇಲ್ಲವೇ ಹೊರಗಿನಿಂದಲೋ ಕರ್ನಲ್‌ನಿಂದಲೋ (ಲಿನಕ್ಸ್‌ನ ತಿರುಳು) ಬಂದ ಸಿಗ್ನಲ್ ಎಂಬ ಸೂಚನೆಯಿಂದ ಸಾಯುವುದು. ಕರ್ನಲ್ ಈ ಎರಡನ್ನೂ ಬೇರೆ ಬೇರೆಯಾಗಿಯೇ ಪೇರೆಂಟ್‌ಗೆ, ಅಂದರೆ ಅದನ್ನು ಶುರು ಮಾಡಿದ ಪ್ರೊಸೆಸ್‌ಗೆ, ತಿಳಿಸುತ್ತದೆ. ಆದರೆ ಬ್ಯಾಶ್‌ನಂಥ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಸಿಗ್ನಲ್ ನಂಬರಿಗೆ 128 ಕೂಡಿಸಿ ಒಂದೇ ಅಂಕಿ, ಅಂದರೆ ಎಕ್ಸಿಟ್ ಕೋಡ್, ಕೊಡುತ್ತದೆ. ಹಾಗಾಗಿ ಸಿಗ್‌ಕಿಲ್ (ಬಲವಂತವಾಗಿ ಕೊಲ್ಲುವ ಸಿಗ್ನಲ್, 9) ಆದರೆ 137, ಸಿಗ್‌ಟರ್ಮ್ (ಮುಗಿಸು ಅಂತ ಕೇಳುವ ಸಿಗ್ನಲ್, 15) ಆದರೆ 143, ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ್ದು, 11) ಆದರೆ 139. ಪೈಥಾನ್‌ನ ಸಬ್‌ಪ್ರೊಸೆಸ್‌ನಲ್ಲಿ ಇದೇ ಸಿಗ್‌ಕಿಲ್ -9 ಅಂತ ಕಾಣುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು, ಅಲ್ವಾ? ತೊಂದರೆ ಇರುವುದು ಮುಂದೆ. ಈ 137 ಎಷ್ಟೋ ಸಲ ನಮ್ಮ ತನಕ ಬರುವುದೇ ಇಲ್ಲ.

ದೊಡ್ಡ ಸಿ++ ಬಿಲ್ಡ್ ಒಂದನ್ನು ತೆಗೆದುಕೊಳ್ಳಿ. ಮೆಮೊರಿ ಸಾಲದೆ ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಭಾಗ) ಬಂದು ಕೊಲ್ಲುವುದು ಒಳಗಿನ ಸಿಸಿ1ಪ್ಲಸ್ ಅನ್ನು, ಅಂದರೆ ನಿಜವಾಗಿ ಕಂಪೈಲ್ ಮಾಡುವ ಪ್ರೋಗ್ರಾಮನ್ನು. ಅದನ್ನು ನಡೆಸುತ್ತಿದ್ದ ಜಿ++ ಕಮಾಂಡ್ 'ಕಿಲ್ಡ್ ಸಿಗ್ನಲ್' ಅಂತ ಒಂದು ಸಾಲು ಬರೆದು, ತಾನು 1 ಕೊಟ್ಟು ಹೊರಡುತ್ತದೆ. ಇಡೀ ಬಿಲ್ಡ್ ನಡೆಸುವ ಮೇಕ್ ಆ 1 ನೋಡಿ 2 ಕೊಡುತ್ತದೆ. ಸಿಐಗೆ ಸಿಗುವುದು ಬರೀ 2, ಸುಮ್ನೆ ಸೆಮಿಕೋಲನ್ ಮರೆತರೂ ಅದೇ 2. ಇನ್ನು ಮೇಕ್‌ನ ಔಟ್‌ಪುಟ್ಟನ್ನು ಟೀ ಕಮಾಂಡಿಗೆ (ಅದನ್ನು ತೋರಿಸುತ್ತಲೇ ಫೈಲಿಗೂ ಬರೆಯುವುದು) ಪೈಪ್ ಮಾಡಿ, ಪೈಪ್‌ಫೇಲ್ (ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲು ಎನ್ನುವ ಶೆಲ್ ಸೆಟ್ಟಿಂಗ್) ಆನ್ ಮಾಡಿರದಿದ್ದರೆ ಶೆಲ್ ಟೀ ಕೊಟ್ಟ 0 ಮಾತ್ರ ನೋಡುತ್ತದೆ, ಸತ್ತ ಬಿಲ್ಡ್ ಹಸಿರಾಗಿ ಮುಂದೆ ಹೋಗುತ್ತದೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಅಪಾಯ.

ಅದಕ್ಕೇ ಎಕ್ಸಿಟ್ ಕೋಡ್ ಒಂದನ್ನೇ ನಂಬಬಾರದು. ಸಿಗ್ರೂಪ್ ವಿ2 (ಪ್ರೊಸೆಸ್ ಗುಂಪಿಗೆ ಮೆಮೊರಿ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆ) ಇದ್ದರೆ ಕಂಟೇನರ್ (ಬಿಲ್ಡ್ ಓಡುವ ಪ್ರತ್ಯೇಕ ಆವರಣ) ಒಳಗೆ ಮೆಮೊರಿ.ಇವೆಂಟ್ಸ್ ಅನ್ನೋ ಫೈಲ್ ಇರುತ್ತದೆ. ಅದರಲ್ಲಿ ಓಓಎಂ_ಕಿಲ್ ಅಂತ ಒಂದು ಲೆಕ್ಕ. ಬಿಲ್ಡ್ ಶುರು ಮಾಡುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಓದಿ. ಅಂಕಿ ಏರಿದ್ದರೆ ಅಷ್ಟರೊಳಗೆ ಮೆಮೊರಿ ಕಾರಣಕ್ಕೆ ಯಾವುದೋ ಪ್ರೊಸೆಸ್ ಸತ್ತಿದೆ, ಮೇಕ್ ಏನೇ ಹೇಳಲಿ. ಕಂಟೇನರೇ ಪೂರ್ತಿ ಹೋಗಿದ್ದರೆ ಹೊರಗಿನಿಂದ, ಕಂಟೇನರ್ ನಡೆಸುವ ಡಾಕರ್‌ನ ಇನ್‌ಸ್ಪೆಕ್ಟ್ ಕಮಾಂಡಿನಲ್ಲಿ ಓಓಎಂಕಿಲ್ಡ್ ನೋಡಬೇಕು. ಶೆಲ್‌ನ ಟ್ರ್ಯಾಪ್ (ಸಿಗ್ನಲ್ ಬಂದಾಗ ಓಡುವ ಕಮಾಂಡ್) ಹಾಕಿ ಹಿಡಿಯೋಣ ಅಂದರೆ ಆಗುವುದಿಲ್ಲ, ಸಿಗ್‌ಕಿಲ್ ಯಾವ ಟ್ರ್ಯಾಪಿಗೂ ಸಿಗುವುದಿಲ್ಲ.

ಹಾಗಂತ ಪ್ರತಿ 137 ಕೂಡ ಮೆಮೊರಿಯದ್ದೇ ಅಲ್ಲ. ಯಾರೋ ಜಾಬ್ ಕ್ಯಾನ್ಸಲ್ ಮಾಡಿರಬಹುದು, ಟೈಮ್‌ಔಟ್ ಆಗಿರಬಹುದು. ಡಾಕರ್ ಸ್ಟಾಪ್ ಮೊದಲು ಸಿಗ್‌ಟರ್ಮ್ ಕಳಿಸಿ, ಸಾಮಾನ್ಯವಾಗಿ 10 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್ ಕಳಿಸುತ್ತದೆ. ಹಲವು ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಡೀಫಾಲ್ಟ್ ಆಗಿ 30 ಸೆಕೆಂಡ್ ಕಾಯುತ್ತದೆ. ಕಾರಣ ಮೆಮೊರಿಯೇ ಅಂತ ಖಾತ್ರಿಯಾದರೆ ಅದೇ ಜಾಬನ್ನು ಹಾಗೇ ರೀಟ್ರೈ ಮಾಡಬೇಡಿ, ಮೇಕ್‌ಗೆ ಕೊಟ್ಟ -ಜೆ ಅಂಕಿ (ಒಟ್ಟಿಗೆ ಎಷ್ಟು ಕೆಲಸ ಓಡಬೇಕು ಅನ್ನುವುದು) ಇಳಿಸಿ ನೋಡಿ, ಒಟ್ಟಿಗೆ ಓಡುವ ಕಂಪೈಲರ್‌ಗಳು ಕಡಿಮೆಯಾದರೆ ಮೆಮೊರಿಯೂ ಕಡಿಮೆ ಸಾಕು.