ಡ್ರೈ, ಡಾರ್ಕ್ ಹೈ-ಹ್ಯಾಟ್: ಹಾಗಂದ್ರೆ ಎಂಥ ಸದ್ದು?

ಒಣ ಜಂಬ, ಒಣ ಉಪದೇಶ, ಒಣ ಮಾತು. ಕನ್ನಡದಲ್ಲಿ 'ಒಣ' ಸೇರಿದರೆ ಅದು ಬೈಗುಳವೇ, ಅಲ್ವಾ? ಆದರೆ ಡ್ರಮ್ಮರ್‌ಗಳು ಒಂದು ಸಿಂಬಲ್ (ಡ್ರಮ್ ಜೊತೆ ಬಡಿಯುವ ಲೋಹದ ತಟ್ಟೆ) ಬಡಿದು ನೋಡಿ "ಚೆನ್ನಾಗಿ ಡ್ರೈ ಆಗಿದೆ" ಅಂದರೆ ಅದು ಹೊಗಳಿಕೆ.

ಡ್ರಮ್ ಸೆಟ್‌ನಲ್ಲಿ ಮುಖಕ್ಕೆ ಮುಖ ಕೊಟ್ಟು ಕೂತ ಎರಡು ಸಿಂಬಲ್‌ಗಳೇ ಹೈ-ಹ್ಯಾಟ್. ಪೆಡಲ್ ತುಳಿದರೆ ಎರಡೂ ಸೇರಿ ಮುಚ್ಚಿಕೊಳ್ಳುತ್ತವೆ. ಸಾಮಾನ್ಯವಾಗಿ 14 ಇಂಚಿನವು.

ಡ್ರೈ, ಡಾರ್ಕ್ ಎರಡನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಎರಡೂ ಬೇರೆ. ಡ್ರೈ ಅನ್ನುವುದು ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಮಾತು: ಕಡ್ಡಿ ತಾಗಿದ 'ಟಿಕ್' ಸ್ಪಷ್ಟವಾಗಿ ಕೇಳಬೇಕು, ಹಿಂದಿನ ಗುಂಯ್ ಬೇಗ ಅಡಗಬೇಕು. ಡಾರ್ಕ್ ಅನ್ನುವುದು ಆ ಸದ್ದಿನ ಗುಣ: ಕಿವಿ ಚುಚ್ಚುವ ಚೂಪು ಸ್ವರಗಳು ಕಡಿಮೆ, ತಗ್ಗಿನವು ಜಾಸ್ತಿ. ತುಂಬಾ ತೆಳುವಾದ, ಅಗಲವಾದ ಹೈ-ಹ್ಯಾಟ್ ಡಾರ್ಕ್ ಆಗಿದ್ದೂ ಉದ್ದಕ್ಕೆ ಮೊಳಗುತ್ತಿರಬಹುದು. ಅಂದ ಹಾಗೆ, ಡಾರ್ಕ್ ಅನ್ನುವುದು ಸಿಂಬಲ್‌ನ ಬಣ್ಣವಲ್ಲ. ಕಪ್ಪಗೆ ಕಂಡಿದ್ದಕ್ಕೇ ಕೊಂಡವರು ಮೋಸ ಹೋಗುವುದುಂಟು.

ಈ ಗುಣ ಬರುವುದು ತಯಾರಿಕೆಯಲ್ಲಿ. ಇಂಥ ಸಿಂಬಲ್‌ಗಳಿಗೆ ಹೆಚ್ಚಾಗಿ ಬಳಸುವುದು ಬಿ20 ಕಂಚು: 80 ಪಾಲು ತಾಮ್ರ, 20 ಪಾಲು ತವರ. ಇದು ಬಲು ಪೆಡಸು. ಹಾಗಾಗಿ ಎರಕ ಹೊಯ್ದು, ಮತ್ತೆ ಮತ್ತೆ ಕಾಯಿಸಿ, ರೋಲರ್ ನಡುವೆ ಹಾಯಿಸಿ ತೆಳು ಮಾಡುತ್ತಾರೆ. ಆಮೇಲೆ ಕೆಂಪಗೆ ಕಾದದ್ದನ್ನು ನೀರಿಗೆ ಅದ್ದುತ್ತಾರೆ. ಉಕ್ಕನ್ನು ಹೀಗೆ ಅದ್ದಿದರೆ ಗಡುಸಾಗುತ್ತದೆ. ಈ ಕಂಚು ಮಾತ್ರ ಉಲ್ಟಾ, ಬಾಗುವ ಹದಕ್ಕೆ ಬರುತ್ತದೆ. ಹದ ಬಾರದೆ ಸುತ್ತಿಗೆ ಏಟು ಬಿದ್ದರೆ ಬಿರುಕೇ ಗತಿ.

ಸುತ್ತಿಗೆಯೇ ಇಲ್ಲಿ ಮುಖ್ಯ. ಗುಳಿಗಳು ಆಳವಾಗಿ, ಒಂದರಂತೆ ಒಂದಿಲ್ಲದೆ ಬಿದ್ದಷ್ಟೂ ಸದ್ದು ಒಂದೇ ಸ್ವರಕ್ಕೆ ನಿಲ್ಲದೆ ಗಡುಚಾಗುತ್ತದೆ, ಮಬ್ಬಾಗುತ್ತದೆ. ಕೈಯಲ್ಲೇ ಬಡಿಯುವ ಇಸ್ತಾಂಬುಲ್‌ನ ಸಿಂಬಲ್‌ಗಳಿಗೆ ಜಾಝ್ ಡ್ರಮ್ಮರ್‌ಗಳು ಮನಸೋತದ್ದು ಇದಕ್ಕೇ. ಕೊನೆಗೆ ಲೇತ್, ಅಂದರೆ ಸಿಂಬಲ್ಲನ್ನು ತಿರುಗಿಸುತ್ತಾ ಹೆರೆಯುವ ಯಂತ್ರ. ಕಾಯಿಸಿದಾಗ ಹತ್ತಿದ ಕರಿ ಸಿಪ್ಪೆಯನ್ನು ಇಲ್ಲಿ ಹೆರೆದು ತೆಗೆದರೆ ಹೊಳೆಯುವ ಗೆರೆಗಳು ಮೂಡುತ್ತವೆ, ಸದ್ದೂ ಬಿಚ್ಚಿಕೊಳ್ಳುತ್ತದೆ. ಹೆರೆಯದೆ ಬಿಟ್ಟರೆ ಸದ್ದು ಒಳಗೇ ಅದುಮಿಟ್ಟಂತೆ ಇರುತ್ತದೆ. ಡ್ರೈ ಆಗುವುದು ಹೀಗೆ. ಒಂದೇ ಸಿಂಬಲ್‌ನಲ್ಲಿ ಅರ್ಧ ಹೆರೆದು ಅರ್ಧ ಬಿಡುವುದೂ ಉಂಟು.

ರೆಕಾರ್ಡಿಂಗ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಹೈ-ಹ್ಯಾಟ್ ಇರುವುದು ಸ್ನೇರ್ (ಡ್ರಮ್ಮರ್ ಮುಂದೆಯೇ ಇರುವ, ಚಟ್ ಎನ್ನುವ ಡ್ರಮ್) ಪಕ್ಕದಲ್ಲೇ. ಚೂಪು ಸದ್ದಿನದಾದರೆ ಸ್ನೇರ್‌ನ ಮೈಕ್‌ಗೂ ನುಗ್ಗಿ ಕಾಟ ಕೊಡುತ್ತದೆ. ಡ್ರೈ, ಡಾರ್ಕ್ ಆದರೆ ತನ್ನ ಪಾಡಿಗೆ ಇರುತ್ತದೆ. ಆದರೆ ಜೋರು ಗಿಟಾರ್‌ಗಳಿರುವ ವೇದಿಕೆಯಲ್ಲಿ ಇದನ್ನು ನುಡಿಸಿದರೆ ಕೇಳುವುದು ಡ್ರಮ್ಮರ್‌ಗೆ ಮಾತ್ರ. ಅಲ್ಲಿಗೆ ಇದು ತಪ್ಪು ಆಯ್ಕೆ ಅಂತಲೇ ನನ್ನ ಅನಿಸಿಕೆ.

ಪರೀಕ್ಷೆ ಮಾಡುವಾಗ ಸುಮ್ನೆ ಮುಚ್ಚಿ ಬಡಿದರೆ ಸಾಲದು. ಮುಚ್ಚಿದಾಗ ಎಲ್ಲ ಹೈ-ಹ್ಯಾಟೂ ಸ್ವಲ್ಪ ಡ್ರೈ ಆಗಿಯೇ ಕೇಳುತ್ತದೆ. ಪೆಡಲ್ ಸ್ವಲ್ಪ ಸಡಿಲಿಸಿ, ಅಂಚಿಗೆ ಒಂದೇಟು ಕೊಟ್ಟು, ಸದ್ದು ಅಡಗುವವರೆಗೆ ಕಿವಿಗೊಡಿ.